ಮೂಗು ಹೇಳುವ ಮಾತು: ಸಿಂಧನೂರಿನಿಂದ ಹಟ್ಟಿಗೆ

ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ ಹತ್ತಿ ಕಿಟಕಿ ಪಕ್ಕ ಕುಳಿತರೆ ದಾರಿಯನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಮೊದಲು ಅಕ್ಕಿ ಗಿರಣಿಗಳ ಬಿಸಿ ತೌಡಿನ ಘಮ. ಆಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಗದ್ದೆಗಳ ಕೆಸರು ವಾಸನೆ. ನಡುವೆ ಎಲ್ಲೋ ಬೆಳೆಗೆ ಹೊಡೆದ ಔಷಧಿಯ ಘಾಟು ಬಂದರೆ ಬಸ್ಸಿನವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿಯುತ್ತಾರೆ. ಯಾರೂ ಹೇಳಿಕೊಡಬೇಕಿಲ್ಲ. ಮೂಗೇ ಹೇಳುತ್ತದೆ.

ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಇಲ್ಲಿ ಇಳಿದು ಗುಡ್ಡದ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ನೋಡದೆ ಮುಂದೆ ಹೋಗಬಾರದು. 1915ರಲ್ಲಿ ಇದನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದಂಥ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಈ ಬಂಡೆ. ಚಿನ್ನ ಹುಡುಕುವವರ ಕಣ್ಣಿಗೆ ಚಿನ್ನಕ್ಕಿಂತ ದೊಡ್ಡದೇ ಬಿತ್ತು!

ಅವರು ಹುಡುಕುತ್ತಿದ್ದ ಚಿನ್ನ ಈ ಸೀಮೆಯ ನೆಲದಲ್ಲಿ ನಿಜವಾಗಿಯೂ ಇದೆ. ಲಿಂಗಸುಗೂರಿನಿಂದ ಮುಂದಕ್ಕೆ ಹೋದರೆ ಹಟ್ಟಿ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಹೆಸರು ಇನ್ನೂ ದೊಡ್ಡದಾಯಿತು. ಅನುಮತಿ ಇಲ್ಲದೆ ಗಣಿಯೊಳಗೆ ಹೋಗುವಂತಿಲ್ಲ. ಆದರೆ ಶಾಫ್ಟಿನ ಮೇಲೆ ನಿಂತ ಕಬ್ಬಿಣದ ಗೋಪುರ ದೂರದಿಂದಲೇ ಕಾಣುತ್ತದೆ. ಅದರ ಕೆಳಗೆ ಎರಡೂವರೆ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಜನ ದುಡಿಯುತ್ತಾರೆ.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೂ ಇಲ್ಲಿ ಗಣಿಗಾರಿಕೆ ನಡೆದಿತ್ತು. ಆಗ ಸಿಡಿಮದ್ದು ಎಲ್ಲಿತ್ತು? ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿ, ಕಾದು ಬಿರುಕು ಬಿಟ್ಟ ಕಲ್ಲನ್ನು ಒಡೆಯುತ್ತಿದ್ದರು. ಇಕ್ಕಟ್ಟಾದ ಬಿಲದಲ್ಲಿ ಹೊಗೆ ತುಂಬಿಕೊಂಡರೆ ಗತಿ ಏನು? ಆ ಕಾಲದಲ್ಲೂ ಬದುಕು ನಿಂತಿದ್ದುದು ಗಾಳಿಯ ಮೇಲೆಯೇ.

ಈಗ ಬಂಡೆ ಒಡೆಯುವುದು ಬ್ಲಾಸ್ಟಿಂಗ್‌ನಿಂದ. ಸಿಡಿತ ಆದ ಮೇಲೆ ಹೊಗೆ ಪೂರ್ತಿ ಹೊರಹೋಗುವ ತನಕ ಆ ಜಾಗಕ್ಕೆ ಯಾರೂ ಕಾಲಿಡಬಾರದು. ಜನ ಕೆಲಸ ಮಾಡುವಲ್ಲಿ ಗಾಳಿಯಲ್ಲಿ ಶೇ 19ಕ್ಕಿಂತ ಕಡಿಮೆ ಆಮ್ಲಜನಕ ಇರಬಾರದು ಎಂದು ನಮ್ಮ ದೇಶದ ಗಣಿ ನಿಯಮ ಹೇಳುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದಕ್ಕೇ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಹಕ್ಕಿಯನ್ನು ಜೊತೆಗೊಯ್ಯುತ್ತಿದ್ದರು. ಹಕ್ಕಿ ತೂಕಡಿಸಿ ಬಿದ್ದರೆ ಜನ ಮೇಲಕ್ಕೆ ಓಡುತ್ತಿದ್ದರು. ಅಲ್ಲಿ ಆ ಪದ್ಧತಿ 1986ರವರೆಗೂ ಇತ್ತು. ಕೆಲವು ದೇಶಗಳ ಗಣಿಗಳಲ್ಲಿ ಅಪಾಯ ಬಂದಾಗ ಬೇಕೆಂದೇ ಕೆಟ್ಟ ವಾಸನೆಯನ್ನು ಗಾಳಿಯಲ್ಲಿ ಬಿಡುತ್ತಾರೆ. ಯಂತ್ರದ ಸದ್ದಿನಲ್ಲಿ ಸೈರನ್ ಕೇಳಿಸದಿದ್ದರೂ ನಾತ ಮೂಲೆ ಮೂಲೆಗೂ ಹೋಗಿ ಹೊರಡಿ ಎನ್ನುತ್ತದೆ.

ಮಕ್ಕಳೇ, ಗಣಿಯಂಥದ್ದೇ ಇನ್ನೊಂದು ಜಾಗ ಆಕಾಶದಲ್ಲಿದೆ: ವಿಮಾನ! ಸುಮಾರು 35,000 ಅಡಿ ಎತ್ತರದಲ್ಲಿ ಕಿಟಕಿ ತೆರೆಯುವಂತಿಲ್ಲ. ಹೆಚ್ಚಿನ ಜೆಟ್ ವಿಮಾನಗಳಲ್ಲಿ ಒಳಗಿನವರು ಉಸಿರಾಡುವ ಗಾಳಿ ಎಂಜಿನ್ ಮೂಲಕವೇ ಬರುತ್ತದೆ. ಅಲ್ಲಿ ಎಣ್ಣೆ ಸ್ವಲ್ಪ ಸೋರಿದರೂ ಒದ್ದೆ ಕಾಲುಚೀಲದಂಥ ವಾಸನೆ ಒಳಗೆ ಹರಡಬಹುದು.

ಆಗ ಸಿಬ್ಬಂದಿ ಏನು ಮಾಡುತ್ತಾರೆ? ಗಗನಸಖಿಯರು ಮೊದಲು ಓವನ್, ಶೌಚಾಲಯ, ಸಾಮಾನಿಡುವ ಗೂಡುಗಳನ್ನು ನೋಡುತ್ತಾರೆ. ಎಂಥ ವಾಸನೆ, ಎಲ್ಲಿ, ಯಾವಾಗಿನಿಂದ, ಹೆಚ್ಚುತ್ತಿದೆಯೇ ಎಂದು ಪೈಲಟ್‌ಗೆ ತಿಳಿಸುತ್ತಾರೆ. ಹೊಗೆ ಅಥವಾ ಘಾಟು ಬಂದರೆ ಪೈಲಟ್‌ಗಳು ಮೊದಲು ಆಮ್ಲಜನಕದ ಮುಖವಾಡ ಹಾಕಿಕೊಳ್ಳುತ್ತಾರೆ. ಅವರಿಗೇ ಮಂಪರು ಬಂದರೆ ವಿಮಾನ ಇಳಿಸುವವರು ಯಾರು? ಪ್ರಯಾಣಿಕರ ತಲೆಯ ಮೇಲಿನಿಂದ ಇಳಿಯುವ ಹಳದಿ ಮುಖವಾಡ ಹೊಗೆಗಾಗಿ ಇರುವುದಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದಾಗ ಅದು ಬೇಕಾಗುತ್ತದೆ.

ವಾಸನೆ ಎಲ್ಲಿಂದ ಎಂದು ತಿಳಿಯದಿದ್ದರೆ ಹತ್ತಿರದ ನಿಲ್ದಾಣದಲ್ಲಿ ಇಳಿಸುವುದೇ ಜಾಣತನ. ಈ ಪಾಠಕ್ಕೆ ಜಗತ್ತು ದೊಡ್ಡ ಬೆಲೆ ತೆತ್ತಿದೆ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್‌ನಿಂದ ಹೊರಟ ಸ್ವಿಸ್‌ಏರ್ ವಿಮಾನದ ಪೈಲಟ್‌ಗಳಿಗೆ ಏನೋ ವಾಸನೆ ಬಂತು. ಸುಮಾರು ಇಪ್ಪತ್ತೊಂದು ನಿಮಿಷಗಳಲ್ಲಿ ವಿಮಾನ ಸಮುದ್ರಕ್ಕೆ ಬಿದ್ದು 229 ಜನ ತೀರಿಕೊಂಡರು. 2022ರ ಜುಲೈನಲ್ಲಿ ಕೋಳಿಕ್ಕೋಡ್‌ನಿಂದ ದುಬೈಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಸುಟ್ಟ ವಾಸನೆ ಬಂದಾಗ ಸಿಬ್ಬಂದಿ ಅದನ್ನು ಮಸ್ಕತ್‌ಗೆ ತಿರುಗಿಸಿದರು. ಎಲ್ಲರೂ ಸುರಕ್ಷಿತವಾಗಿ ಇಳಿದರು.

ಅಡುಗೆಮನೆಯಲ್ಲೂ ಇಂಥ ಕಾವಲುಗಾರನಿದ್ದಾನೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಮರ್‌ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಬೆರೆಸಿರುತ್ತಾರೆ. ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ, ಬೆಂಕಿಕಡ್ಡಿ ಗೀರಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಒಂದೇ ವಾಸನೆಯಲ್ಲಿ ಇದ್ದವರ ಮೂಗು ಬೇಗ ಅದಕ್ಕೆ ಒಗ್ಗಿಬಿಡುತ್ತದೆ. ವಯಸ್ಸಾದಂತೆ ಮೂಗಿನ ಚುರುಕೂ ಕಡಿಮೆಯಾಗುತ್ತದೆ. ಶಾಲೆಯಿಂದ ಬಂದ ಮೊಮ್ಮಗಳು ಹೊಸ್ತಿಲಲ್ಲೇ ನಿಂತು, ಏನೋ ವಾಸನಿ ಬರಾಕತ್ತೈತಿ ಅಜ್ಜಿ ಎಂದರೆ ಸುಮ್ಮನಿರು ಎನ್ನಬೇಡಿ. ಎದ್ದು ಹೋಗಿ ಒಲೆ ನೋಡಿ.