ಎಕ್ಸ್‌ಪ್ರೆಸ್ ನಿಲ್ಲದ ಊರಲ್ಲಿ ಒಂದು ದಿನ

“ಕಾರ್ನ್‌ಫೋರ್ತಾ? ಅಲ್ಲಿ ಏನಿದೆ ಅಂತ ಹೋಗ್ತೀಯೋ ಮಾರಾಯ?” ಎಂದರು ಭಾವ.

ಅವರು ಕೇಳಿದ್ದು ತಪ್ಪಲ್ಲ ಬಿಡಿ. 2019ರ ಅಕ್ಟೋಬರ್ ತಿಂಗಳು. ಅಕ್ಕ, ಭಾವ ಆಗ ಮ್ಯಾಂಚೆಸ್ಟರಿನಲ್ಲಿದ್ದರು. ವಿಮಾನದ ಟಿಕೆಟ್ಟು ಅವರದು, ಊಟ ಅವರದು, ನನ್ನ ಮೈಮೇಲಿದ್ದ ಉಣ್ಣೆ ಕೋಟೂ ಭಾವನದೇ! ಲಂಡನ್ ತೋರಿಸಿದ್ದಾಯಿತು, ಓಲ್ಡ್ ಟ್ರ್ಯಾಫರ್ಡ್ ಮೈದಾನದ ಮುಂದೆ ನಿಲ್ಲಿಸಿ ಫೋಟೋ ತೆಗೆದದ್ದಾಯಿತು. ಇನ್ನೊಂದು ದಿನ ಎಲ್ಲಿಗೆ ಹೋಗ್ತೀಯ ಎಂದರೆ ನಾನು ಹೇಳಿದ್ದು ಲ್ಯಾಂಕಾಶೈರಿನ ತುದಿಯ, ಐದು ಸಾವಿರ ಚಿಲ್ಲರೆ ಜನಸಂಖ್ಯೆಯ ಒಂದು ಊರಿನ ಹೆಸರು. ಸರೋವರಗಳ ಸೀಮೆ ನೋಡಲು ಹೋಗುವ ಸಾವಿರಾರು ಕಾರುಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಯಾರೂ ತಿರುಗಿ ನೋಡುವುದಿಲ್ಲ.

ನಾನು ಹೊರಟದ್ದು ಒಂದು ಸಿನಿಮಾಕ್ಕಾಗಿ. ಇನ್ನೇನು ಮತ್ತೆ!

ಡೇವಿಡ್ ಲೀನ್ ಎಂಬ ಹೆಸರು ನಮ್ಮ ಚಿತ್ರರಸಿಕರಿಗೆ ಹೊಸದಲ್ಲ. ‘ಲಾರೆನ್ಸ್ ಆಫ್ ಅರೇಬಿಯಾ’ ತೆಗೆದ ಮಹಾಶಯ. 1984ರಲ್ಲಿ ತೆರೆಕಂಡ ಅವನ ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಬೆಟ್ಟ ಹುಡುಕುತ್ತಾ ಬಂದದ್ದು ನಮ್ಮ ಸಾವನದುರ್ಗಕ್ಕೆ, ರಾಮನಗರದ ರಾಮದೇವರ ಬೆಟ್ಟಕ್ಕೆ. ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳೇ ಅವನಿಗೂ ಬೇಕಾದವು! ಆದರೆ ಒಂಟೆ, ಮರುಭೂಮಿ, ಬೆಟ್ಟ ಇವೆಲ್ಲ ಬರುವ ಮುಂಚೆ, 1945ರಲ್ಲಿ ಅವನು ಒಂದು ಪುಟ್ಟ ಕಪ್ಪು ಬಿಳುಪು ಚಿತ್ರ ಮಾಡಿದ್ದ. ಹೆಸರು ‘ಬ್ರೀಫ್ ಎನ್‌ಕೌಂಟರ್’. ಒಂದೂವರೆ ಗಂಟೆಯೂ ಇಲ್ಲ. 1946ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನವನ್ನು ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದು, ನಮ್ಮ ಚೇತನ್ ಆನಂದರ ‘ನೀಚಾ ನಗರ್’ ಇನ್ನೊಂದು.

ಕತೆ ಕೇಳಿ. ಲಾರಾ ಗೃಹಿಣಿ. ಒಳ್ಳೆಯ ಗಂಡ, ಎರಡು ಮಕ್ಕಳು. ಪ್ರತಿ ಗುರುವಾರ ಪಕ್ಕದ ಊರಿಗೆ ರೈಲಿನಲ್ಲಿ ಹೋಗಿ ಸಾಮಾನು ತರುತ್ತಾಳೆ. ಒಂದು ಸಂಜೆ ಎಕ್ಸ್‌ಪ್ರೆಸ್ ಹಾಯ್ದುಹೋದ ರಭಸಕ್ಕೆ ಅವಳ ಕಣ್ಣಿಗೆ ಕಿಡಿಯ ಪುಡಿ ಬೀಳುತ್ತದೆ. ಸ್ಟೇಷನ್ ಕ್ಯಾಂಟೀನಿನಲ್ಲಿದ್ದ ಅಲೆಕ್ ಎಂಬ ಡಾಕ್ಟರು ಕರವಸ್ತ್ರದ ತುದಿಯಿಂದ ತೆಗೆಯುತ್ತಾನೆ. ಅವನಿಗೂ ಮದುವೆಯಾಗಿದೆ. ಅಷ್ಟೇ ನೋಡಿ, ಆಮೇಲಿನ ಕೆಲವು ಗುರುವಾರಗಳು. ಹಾಡಿಲ್ಲ, ಹೊಡೆದಾಟವಿಲ್ಲ, ಖಳನಾಯಕನೂ ಇಲ್ಲ. ನಮ್ಮ ಕಲ್ಪನಾ ಮಾಡಬೇಕಿದ್ದ ಪಾತ್ರ ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಸೀಲಿಯಾ ಜಾನ್ಸನ್ ಬರೀ ಕಣ್ಣಿನಲ್ಲಿ ಆಡಿಬಿಟ್ಟಿದ್ದಾಳೆ.

ಕೊನೆಯ ಗುರುವಾರ ಇಬ್ಬರೂ ಕ್ಯಾಂಟೀನಿನ ಮೇಜಿನಲ್ಲಿ ಕೂತಿದ್ದಾರೆ. ಅವನು ಆಫ್ರಿಕಾಕ್ಕೆ ಹೊರಟಿದ್ದಾನೆ, ಇನ್ನು ಭೇಟಿಯಿಲ್ಲ. ಉಳಿದಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಲಾರಾಳ ಪರಿಚಯದ ಹೆಂಗಸೊಬ್ಬಳು ಬಂದು ಧೊಪ್ಪನೆ ಕೂತು ಲೊಡಲೊಡ ಶುರುಮಾಡುತ್ತಾಳೆ! ಅವನ ರೈಲು ಬರುತ್ತದೆ. ಎದ್ದು, ಲಾರಾಳ ಭುಜದ ಮೇಲೆ ಕೈಯಿಟ್ಟು ಒಮ್ಮೆ ಒತ್ತಿ, ಹೋಗುತ್ತಾನೆ. ಮುಗಿಯಿತು. ಲೀನ್‌ನ ಜಾಣತನ ಎಂದರೆ, ಇದೇ ದೃಶ್ಯವನ್ನು ಚಿತ್ರದ ಆರಂಭದಲ್ಲೂ ತೋರಿಸಿರುತ್ತಾನೆ. ಆಗ ನಮಗೆ ಏನೂ ಗೊತ್ತಿರುವುದಿಲ್ಲ. ಯಾರೋ ಒಬ್ಬ ಯಾರದೋ ಭುಜ ಮುಟ್ಟಿ ಹೋದ, ಅಷ್ಟೇ.

ಈಗ ನನ್ನ ವಿಷಯ ಹೇಳದೆ ವಿಧಿಯಿಲ್ಲ. 2014ರ ನವೆಂಬರಿನಲ್ಲಿ ಎರಡನೇ ಪಿಯುಸಿ ಅರ್ಧಕ್ಕೆ ಬಿಟ್ಟು, ಸಿನಿಮಾ ಪತ್ರಿಕೆಗೆ ಬರೀತೀನಿ ಅಂತ ಬೆಂಗಳೂರಿಗೆ ಹೊರಟೆ. ಅಪ್ಪ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದವರು ಆ ದಿನ ಅರಸೀಕೆರೆ ಸ್ಟೇಷನ್ನಿಗೆ ಬಂದರು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನಲ್ಲಿ ಕೂತೆವು. ಅಪ್ಪ ಏನೋ ಹೇಳಲು ಗಂಟಲು ಸರಿಮಾಡಿಕೊಂಡರು. ಆಗಲೇ ಬಂದರು ನೋಡಿ ನಮ್ಮೂರ ಕೊಬ್ಬರಿ ವ್ಯಾಪಾರಿ! ಮಧ್ಯೆ ಕೂತು, ಕ್ವಿಂಟಾಲಿಗೆ ಎಷ್ಟು ಇಳೀತು, ತಿಪಟೂರಲ್ಲಿ ಎಷ್ಟು ನಡೀತಿದೆ ಅಂತ ಹಿಡಿದ ರಾಗ ಗಾಡಿ ಬರುವ ತನಕ ಬಿಡಲಿಲ್ಲ. ಅಪ್ಪ ಎದ್ದು ನನ್ನ ಭುಜದ ಮೇಲೆ ಕೈಯಿಟ್ಟರು. ಗಾಡಿ ಹತ್ತಿದೆ. ಆಮೇಲೆ ಫೋನಿನಲ್ಲಿ ಮಾತಾಡಿದ್ದು ‘ಊಟ ಆಯ್ತಾ’ ಎನ್ನುವಷ್ಟೇ. 2015ರ ಜುಲೈನಲ್ಲಿ ಅಪ್ಪ ಹೋಗಿಬಿಟ್ಟರು, ಹೃದಯಾಘಾತ.

ಎರಡು ವರ್ಷದ ಮೇಲೆ ಶ್ರೀರಾಮಪುರದ ರೂಮಿನಲ್ಲಿ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಈ ಚಿತ್ರ ನೋಡಿದೆ. ಆ ಕೈ ಭುಜದ ಮೇಲೆ ಬಿದ್ದಾಗ ನಾನು ಎದ್ದು ಆಚೆ ಹೋದೆ. ಗೆಳೆಯ ಸಿಗರೇಟಿಗೆ ಹೋದೆ ಅಂದುಕೊಂಡ. ಇಂಗ್ಲೆಂಡಿಗೆ ಹೋದರೆ ಆ ಕ್ಯಾಂಟೀನಿನ ಮೇಜು ನೋಡಬೇಕು ಅಂತ ಅವತ್ತೇ ತಲೆಯಲ್ಲಿ ಕೂತುಬಿಟ್ಟಿತು.

ಮ್ಯಾಂಚೆಸ್ಟರಿನಿಂದ ರೈಲು. ಲ್ಯಾಂಕಾಸ್ಟರ್ ದಾಟಿದ ಮೇಲೆ ಎಡಗಡೆ ಕಿಟಕಿಯಲ್ಲಿ ಕ್ಷಣಕಾಲ ಸಮುದ್ರ ಇಣುಕಿತು. ಸಮುದ್ರವೆಂದರೆ ಮೋರ್ಕಮ್ ಕೊಲ್ಲಿಯ ಬೂದುಬಣ್ಣದ ಕೆಸರು. ಹತ್ತು ನಿಮಿಷದಲ್ಲಿ ಕಾರ್ನ್‌ಫೋರ್ತ್. ಇಳಿದವರು ನಾನೂ ಸೇರಿ ನಾಲ್ಕು ಜನ.

ತಲೆಯೆತ್ತಿದರೆ ಗಡಿಯಾರ! ಅದೇ ಗಡಿಯಾರ! ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು, ಹಳೇ ನಟನನ್ನು ಬಸ್ಸಿನಲ್ಲಿ ಕಂಡ ಹಾಗೆ. ವಿಟ್‌ಚರ್ಚಿನ ಜಾಯ್ಸ್ ಕಂಪೆನಿಯ ಮಾಲು. ಅದರ ಕೆಳಗಿಂದ ಸುರಂಗಕ್ಕೆ ಇಳಿಯುವ ಇಳಿಜಾರು ದಾರಿ. ಮೆಟ್ಟಿಲಿಲ್ಲ. ಲಾರಾ ರೈಲು ಹಿಡಿಯಲು ಓಡುವುದು ಇಲ್ಲೇ. ನಾನೂ ಒಂದು ಸಲ ಓಡಿ ನೋಡಿದೆ. ಎದುರಿಗೆ ಬಂದ ಅಜ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ರೈಲು ಯಾವುದೂ ಇರಲಿಲ್ಲ, ನಾಚಿಕೆಯಾಯಿತು.

ಸ್ಟೇಷನ್ನಿನ ಹಳೇ ಕಟ್ಟಡ ಪಾಳುಬಿದ್ದಿತ್ತು. ರಿಪೇರಿ ಮಾಡಿ 2003ರಲ್ಲಿ ಅಲ್ಲೊಂದು ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಸ್ವಯಂಸೇವಕರಾಗಿದ್ದ ಹಿರಿಯರೊಬ್ಬರು ನನ್ನನ್ನು ಬಿಡಲೇ ಇಲ್ಲ. ಚಿತ್ರೀಕರಣ ನಡೆದದ್ದು 1945ರ ಫೆಬ್ರವರಿಯಲ್ಲಿ, ಯುದ್ಧ ಇನ್ನೂ ಮುಗಿದಿಲ್ಲ. ಲಂಡನ್ನಿನ ಹತ್ತಿರ ರಾತ್ರಿ ದೀಪ ಹಚ್ಚುವ ಹಾಗಿಲ್ಲ. ಇದು ದೂರದ ಊರು, ಬಾಂಬು ವಿಮಾನ ಬಂತು ಅಂದರೂ ದೀಪ ಆರಿಸುವಷ್ಟು ಸಮಯ ಸಿಗುತ್ತದೆ, ಅದಕ್ಕೇ ಇಲ್ಲಿ ಎಂದರು. ರಾತ್ರಿ ಗಾಡಿಗಳು ಕಡಿಮೆಯಾದ ಮೇಲೆ ಕೆಲಸ ಶುರು, ಬೆಳಗಿನ ಜಾವದ ತನಕ. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್. ಆ ಹೊಗೆ, ಆ ಒದ್ದೆ ಪ್ಲಾಟ್‌ಫಾರ್ಮು ಅವನ ಕೈಚಳಕ. ಒಂದು ತಮಾಷೆಯೂ ಇದೆ. ಕತೆಯ ಊರು ದಕ್ಷಿಣ ಇಂಗ್ಲೆಂಡಿನಲ್ಲಿ, ಆದರೆ ಸ್ಟೇಷನ್ನಿನ ಬೋರ್ಡಿನಲ್ಲಿ ಲೀಡ್ಸ್, ಬ್ರಾಡ್‌ಫರ್ಡ್ ಅಂತ ಉತ್ತರದ ಊರುಗಳ ಹೆಸರು ಕಾಣುತ್ತವೆ!

“ಸಾರ್, ಅವರು ಬೀಳ್ಕೊಟ್ಟ ಮೇಜು ಎಲ್ಲಿ?” ಎಂದೆ.

ಹಿರಿಯರು ನಕ್ಕರು. ಕ್ಯಾಂಟೀನಿನ ಒಳಗಿನ ದೃಶ್ಯ ಯಾವುದೂ ಇಲ್ಲಿ ತೆಗೆದದ್ದಲ್ಲವಂತೆ. ಲಂಡನ್ ಬಳಿಯ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು! ಇಲ್ಲಿರುವ ಟೀ ರೂಮು, ಚಿತ್ರದ ಸೆಟ್ಟು ನೋಡಿ ಆಮೇಲೆ ಮಾಡಿದ್ದು. ನಕಲಿನ ಅಸಲು ಇದು, ಅಸಲಿನ ನಕಲು ಇದು... ಯಾವುದೋ ಒಂದು. ಮುಟ್ಟಬೇಕು ಅಂತ ಬಂದ ಮೇಜು ಈ ಊರಲ್ಲಿ ಎಂದೂ ಇರಲೇ ಇಲ್ಲ ಸ್ವಾಮಿ.

ಟೀ ತೆಗೆದುಕೊಂಡು ಕೂತೆ. ಟೀ ಚೆನ್ನಾಗಿತ್ತು, ಸಕ್ಕರೆ ನಾನೇ ನಾಲ್ಕು ಹಾಕಿಕೊಂಡೆ. ಪಕ್ಕದ ಪುಟ್ಟ ಹಾಲಿನಲ್ಲಿ ಈ ಚಿತ್ರವನ್ನೇ ದಿನವೆಲ್ಲ ಓಡಿಸುತ್ತಾರೆ. ಹೋಗಿ ನೋಡಿದೆ. ಒಬ್ಬನೇ ಇದ್ದೆ, ಈ ಸಲ ಎದ್ದು ಹೋಗಲಿಲ್ಲ. ಆ ಲೊಡಲೊಡ ಹೆಂಗಸನ್ನು ಮೊದಲ ಸಲ ಗಮನವಿಟ್ಟು ನೋಡಿದೆ. ಪಾಪ, ಅವಳಿಗೇನು ಗೊತ್ತು! ಸುಸ್ತಾಗಿದ್ದಾಳೆ, ಪರಿಚಯದ ಮುಖ ಕಂಡಿದೆ, ಕೂತಿದ್ದಾಳೆ.

ಊರು ಸುತ್ತಿದ್ದು ಒಂದೂವರೆ ಗಂಟೆ. ಕಾಲುವೆಯಲ್ಲಿ ಉದ್ದ ಮೂತಿಯ ದೋಣಿಗಳು, ಹಳೇ ಪುಸ್ತಕದ ದೊಡ್ಡ ಅಂಗಡಿ, ಮೀನು ಆಲೂಗೆಡ್ಡೆ ಕರಿಯುವ ವಾಸನೆ. ಒಂದು ಕಾಲಕ್ಕೆ ಕಬ್ಬಿಣದ ಕಾರ್ಖಾನೆ ಇದ್ದ ಊರು. ಬ್ರಿಟಿಷ್ ರೈಲ್ವೆ 1968ರ ಆಗಸ್ಟಿನಲ್ಲಿ ಉಗಿಬಂಡಿಗೆ ವಿದಾಯ ಹೇಳಿದಾಗ ಕೊನೆಗೆ ಮುಚ್ಚಿದ ಶೆಡ್ಡುಗಳಲ್ಲಿ ಇಲ್ಲಿಯದೂ ಒಂದು. 1970ರಲ್ಲಿ ಮುಖ್ಯ ಮಾರ್ಗದ ಪ್ಲಾಟ್‌ಫಾರ್ಮನ್ನೂ ಕಿತ್ತರು. ಅಲ್ಲಿಂದೀಚೆಗೆ ಲಂಡನ್–ಗ್ಲ್ಯಾಸ್ಗೋ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಸಂಜೆ ನನ್ನ ರೈಲಿಗೆ ಕಾಯುತ್ತಾ ನಿಂತಿದ್ದಾಗ ಒಂದು ಎಕ್ಸ್‌ಪ್ರೆಸ್ ಬೇಲಿಯಾಚೆ ಸುಯ್ಯೆಂದು ಹೋಯಿತು. ಕೋಟು ಹಾರಿತು. ಗಡಿಯಾರ ಅಲುಗಲಿಲ್ಲ.

ರಾತ್ರಿ ಭಾವ ಕೇಳಿದರು, “ಏನಿತ್ತೋ ಅಲ್ಲಿ?”

“ಗಡಿಯಾರ” ಅಂದೆ. ಅವರು ಅಕ್ಕನ ಮುಖ ನೋಡಿದರು.

2020ರ ಜನವರಿಯಲ್ಲಿ ಊರಿಗೆ ಹೋಗಿದ್ದೆ. ಐದು ವರ್ಷ ಕಂಡರೆ ಬೀದಿ ಬದಲಿಸುತ್ತಿದ್ದ ಕೊಬ್ಬರಿ ವ್ಯಾಪಾರಿಯ ಮಂಡಿಗೆ ನಾನಾಗಿಯೇ ಹೋದೆ. ಅವತ್ತು ಸ್ಟೇಷನ್ನಲ್ಲಿ ನೀವಿದ್ರಲ್ಲ, ನೆನಪಿದೆಯಾ ಅಂದೆ.

“ನೆನಪಿಲ್ದೆ ಏನು! ಗಾಡಿ ಹೋದ್ಮೇಲೆ ನಿಮ್ಮಪ್ಪ ಕೊನೇ ಡಬ್ಬಿ ಕೆಂಪು ದೀಪ ಕಾಣೋ ತನಕ ನಿಂತೇ ಇದ್ರು. ನಾ ಕರೆದೆ, ಕೇಳಿಸಲಿಲ್ಲ. ಆಮೇಲೆ ಬನ್ನಿ ಟೀ ಕುಡಿಯೋಣ ಅಂತ ಕ್ಯಾಂಟೀನಿಗೆ ಹೋಗಿ ಮೂರು ಟೀ ಹೇಳಿದ್ರು. ಇರೋದು ಇಬ್ರೇ, ಮೂರನೇದು ಯಾರಿಗೆ ಅಂದೆ. ಏನೂ ಮಾತಾಡ್ಲಿಲ್ಲ. ಅದನ್ನ ಹಾಗೇ ಮೇಜಿನ ಮೇಲೆ ಬಿಟ್ಟು ಬಂದ್ವಿ.”

ಅಷ್ಟು ಹೇಳಿ, ತಕ್ಕಡಿ ಕಡೆ ತಿರುಗಿ, ಈ ಸಲ ಕೊಬ್ಬರಿಗೆ ಎಷ್ಟು ರೇಟು ನಡೀತಿದೆ ಅಂತ ಶುರುಮಾಡಿದರು. ನಾನು ಮೂಟೆಯ ಮೇಲೆ ಕೂತು ಪೂರ್ತಿ ಕೇಳಿದೆ.