ಸರದಿ ತಪ್ಪಿದ ರಾಜಕುಮಾರ

‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ವಿಡಿಯೊ ಗೇಮಿನ ಹೆಸರಿನಲ್ಲಿ ಪರ್ಷಿಯಾ ಇದೆ, ಆದರೆ ಅದರ ಕಥೆ ಶುರುವಾಗುವುದು ಭಾರತದ ಮಹಾರಾಜನೊಬ್ಬನ ಅರಮನೆಯಲ್ಲಿ. ಪರ್ಷಿಯಾದ ಸೈನ್ಯ ಆ ಅರಮನೆಗೆ ನುಗ್ಗುತ್ತದೆ, ರಾಜಕುಮಾರನ ಕೈಗೆ ಒಂದು ಕಠಾರಿ ಸಿಗುತ್ತದೆ. ಅದರೊಳಗಿನ ಮರಳಿಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ. ಗೋಡೆಯಿಂದ ಗೋಡೆಗೆ ಜಿಗಿಯುವಾಗ ಕಾಲು ಜಾರಿದರೆ ಒಂದು ಗುಂಡಿ ಒತ್ತಿದರಾಯಿತು. ಬಿದ್ದವನು ಬಿದ್ದ ದಾರಿಯಲ್ಲೇ ಮೇಲೆದ್ದು ಬಂದು ಮತ್ತೆ ಅದೇ ಅಂಚಿನ ಮೇಲೆ ನಿಲ್ಲುತ್ತಾನೆ.

ಆಟಗಾರನಿಗೆ ಉಸಿರಾಡಲು ಬಿಡುವು ಕೊಡುವುದಕ್ಕೆ ಗೇಮುಗಳು ಕಂಡುಕೊಂಡ ದಾರಿಗಳಲ್ಲಿ ಇದೊಂದು. ಇದಕ್ಕಿಂತ ಹಳೆಯ ದಾರಿ ಸರದಿಯದು. ಚೌಕಾಬಾರ ಆಡಿದವರಿಗೆ ಅದನ್ನು ವಿವರಿಸಬೇಕಿಲ್ಲ: ನೀವು ಕವಡೆ ಹಾಕಿ ಕಾಯಿ ನಡೆಸುವವರೆಗೆ ಎದುರಾಳಿ ಸುಮ್ಮನೆ ಕೂತಿರಬೇಕು. ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ ಆ ಮರ್ಯಾದೆಯ ಮೇಲೆಯೇ ನಿಂತ ಆಟ. ಎದುರಿಗೆ ಎಂಥ ರಾಕ್ಷಸ ನಿಂತಿದ್ದರೂ ನಿಮ್ಮ ಸರದಿ ಮುಗಿಯುವವರೆಗೆ ಕಾಯುತ್ತಾನೆ. ‘ಸ್ಯಾಂಡ್ಸ್ ಆಫ್ ಟೈಮ್’ ಯಾರನ್ನೂ ಕಾಯಿಸುವುದಿಲ್ಲ. ಬದಲಿಗೆ, ತಪ್ಪಿದ ಸರದಿಯನ್ನು ಮರಳಿ ಕೊಡುತ್ತದೆ.

2003ರಲ್ಲಿ ಅದನ್ನು ಮಾಡಿದ್ದು ಕೆನಡಾದ ಯೂಬಿಸಾಫ್ಟ್ ಮಾಂಟ್ರಿಯಲ್. ಅದೂ ಒಂದು ಪುನರ್ಜನ್ಮವೇ. ಮೊದಲ ‘ಪ್ರಿನ್ಸ್ ಆಫ್ ಪರ್ಷಿಯಾ’ 1989ರದು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಆ ಚಲನೆಯನ್ನು ಒಂದೊಂದೇ ಚಿತ್ರವಾಗಿ ಆಪಲ್ 2 ಕಂಪ್ಯೂಟರಿನೊಳಗೆ ಇಳಿಸಿದ್ದ.

ಬೆಳಗಾವಿ, ಹುಬ್ಬಳ್ಳಿಯ ಕಡೆಯಿಂದ ಪುಣೆಗೆ ಓದಲು ಬಂದು ಇಲ್ಲೇ ಉಳಿದ ಎಷ್ಟೋ ಹುಡುಗರು ಈ ಆಟವನ್ನು ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಆಡಿದವರು. ಅವರಲ್ಲೊಬ್ಬ ಈಗ ನಲವತ್ತರ ಆಸುಪಾಸಿನವನು. ಹಿಂಜೇವಾಡಿಯ ಕಂಪನಿಯೊಂದರಲ್ಲಿ ಅವನ ಕೆಲಸ, ಬೇರೆ ದೇಶದ ಸಂಸ್ಥೆಗಳ ಹಳೆಯ ಪ್ರೋಗ್ರಾಮುಗಳನ್ನು ಹೊಸ ವ್ಯವಸ್ಥೆಗೆ ತರುವುದು. ಅವನೇ ಹೇಳುವಂತೆ, ಯಾರೋ ಕಟ್ಟಿದ ಮನೆಯನ್ನು ಒಳಗಿನವರು ಏಳದಂತೆ ಬೇರೆ ಜಾಗಕ್ಕೆ ಸಾಗಿಸುವ ಕೆಲಸ. ಸರಿಯಾಗಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಹೆಚ್ಚುಕಮ್ಮಿಯಾದರೆ ಎಲ್ಲರಿಗೂ ಗೊತ್ತಾಗುತ್ತದೆ.

2020ರ ಸೆಪ್ಟೆಂಬರ್ 10ರಂದು ಯೂಬಿಸಾಫ್ಟ್ ‘ಸ್ಯಾಂಡ್ಸ್ ಆಫ್ ಟೈಮ್’ನ ರೀಮೇಕ್ ಬರುತ್ತಿದೆ ಎಂದು ಘೋಷಿಸಿತು. ಅದನ್ನು ಮಾಡುತ್ತಿದ್ದುದು ಪುಣೆ ಮತ್ತು ಮುಂಬೈ ಸ್ಟುಡಿಯೊಗಳು. ಪುಣೆಯ ಸ್ಟುಡಿಯೊ ಮೊದಲು ಗೇಮ್‌ಲಾಫ್ಟ್‌ನದಾಗಿತ್ತು, 2008ರಲ್ಲಿ ಯೂಬಿಸಾಫ್ಟ್ ಕೈಗೆ ಬಂತು. ‘ಜಸ್ಟ್ ಡ್ಯಾನ್ಸ್’ನಂಥ ಸರಣಿಗಳಿಗೆ ದುಡಿದ ಜಾಗ ಅದು. ಇಷ್ಟು ದೊಡ್ಡ ಹೆಸರಿನ ಕನ್ಸೋಲ್ ಆಟವೊಂದರ ಮುಂದಾಳತ್ವ ಭಾರತದ ಸ್ಟುಡಿಯೊಗಳಿಗೆ ಸಿಕ್ಕಿತ್ತು. ಮಹಾರಾಜನ ಅರಮನೆಯನ್ನು ಈ ಸಲ ಕಟ್ಟುವವರು ಇಲ್ಲಿನವರು.

ಟ್ರೇಲರ್ ಬಂತು, ನಗೆಪಾಟಲೂ ಆಯಿತು. ಮುಖಗಳಲ್ಲಿ ಜೀವವಿಲ್ಲ, ಬೆಳಕು ಸಪ್ಪೆ, ಎರಡು ತಲೆಮಾರು ಹಿಂದಿನ ಆಟದಂತಿದೆ ಎಂದು ಜಗತ್ತಿನ ಆಟಗಾರರೆಲ್ಲ ಆಡಿಕೊಂಡರು. ಹಿಂಜೇವಾಡಿಯ ಆ ಮನುಷ್ಯ ಅದನ್ನು ಎರಡು ಸಲ ನೋಡಿದ. ಮೊದಲ ಸಲ ಹಳೆಯ ಆಟಗಾರನಾಗಿ ನೋಡಿ ಬೇಸರಪಟ್ಟುಕೊಂಡ. ಎರಡನೇ ಸಲ ಗಡುವಿನ ಕೆಳಗೆ ದುಡಿಯುವವನಾಗಿ ನೋಡಿದ. ಘೋಷಣೆಗೂ ಬಿಡುಗಡೆಗೂ ನಡುವೆ ನಾಲ್ಕೇ ತಿಂಗಳು ಚಿಲ್ಲರೆ. ಅದೂ ಕೊರೊನಾದ ವರ್ಷ. ಟ್ರೇಲರ್ ಚೆನ್ನಾಗಿತ್ತು ಎಂದು ಅವನು ಯಾರ ಬಳಿಯೂ ವಾದಿಸಲಿಲ್ಲ. ಆದರೆ ‘ಇಂಡಿಯಾಕ್ಕೆ ಕೊಟ್ಟರೆ ಇನ್ನೇನಾಗುತ್ತೆ’ ಎಂದು ಊರಿನ ಗೆಳೆಯನೇ ನಕ್ಕಾಗ ಫೋನ್ ಇಟ್ಟುಬಿಟ್ಟ.

ನೆನಪಿನೊಂದಿಗೆ ಸ್ಪರ್ಧಿಸುವುದು ಎಷ್ಟು ಕಷ್ಟ ಎಂಬುದು ಯಕ್ಷಗಾನ ನೋಡಿದವರಿಗೆ ಗೊತ್ತು. ಪ್ರಸಂಗ ಹಳೆಯದೇ, ಪದ್ಯವೂ ಹಳೆಯದೇ. ಆದರೆ ಹೊಸ ವೇಷಧಾರಿ ರಂಗಕ್ಕೆ ಬಂದ ಕೂಡಲೇ ಮುಂದಿನ ಸಾಲಿನ ಹಿರಿಯರು ಮೂವತ್ತು ವರ್ಷ ಹಿಂದಿನ ಇನ್ನೊಬ್ಬನನ್ನು ಅವನ ಪಕ್ಕ ನಿಲ್ಲಿಸಿಕೊಂಡು ನೋಡುತ್ತಾರೆ. ಆ ಇನ್ನೊಬ್ಬ ಎಂದೂ ಹೆಜ್ಜೆ ತಪ್ಪುವುದಿಲ್ಲ, ಏಕೆಂದರೆ ಅವನು ಈಗ ಕುಣಿಯುತ್ತಿಲ್ಲ. ಮೇಳದ ಹೊಸಬನಿಗೆ ಒಂದು ಅನುಕೂಲವಿದೆ: ನಾಳೆ ಇನ್ನೊಂದೂರಿನಲ್ಲಿ ಇನ್ನೊಂದು ಆಟ.

ಕನ್ಸೋಲ್ ರೀಮೇಕುಗಳಲ್ಲೂ ಕೆಲವಕ್ಕೆ ಆ ನಾಳೆ ಸಿಕ್ಕಿದೆ. 1997ರ ‘ಫೈನಲ್ ಫ್ಯಾಂಟಸಿ 7’ರ ರೀಮೇಕನ್ನು 2015ರಲ್ಲಿ ಘೋಷಿಸಿದಾಗ ಬಹುಪಾಲು ಕೆಲಸ ಹೊರಗಿನ ಸಂಸ್ಥೆಯೊಂದರ ಬಳಿ ಇತ್ತು. 2017ರಲ್ಲಿ ಸ್ಕ್ವೇರ್ ಎನಿಕ್ಸ್ ಅದನ್ನು ತನ್ನೊಳಗೇ ಎಳೆದುಕೊಂಡಿತು. ಆಟ ಹೊರಬಂದದ್ದು 2020ರ ಏಪ್ರಿಲ್‌ನಲ್ಲಿ. ಕಥೆಯ ಮೊದಲ ಭಾಗವಷ್ಟೇ ಅದರಲ್ಲಿತ್ತು; ಹಳೆಯ ಕಾಳಗದ ಜಾಗಕ್ಕೆ ಓಡಾಡಿ ಬಡಿದಾಡುವ ಕಾಳಗ ಬಂದಿತ್ತು. ಆದರೂ ನಿಧಾನದವರಿಗೆಂದು, ಪಾತ್ರ ತಾನೇ ಕಾದಾಡುತ್ತಿರುವಾಗ ಆಟಗಾರ ಆಜ್ಞೆಗಳನ್ನಷ್ಟೇ ಆರಿಸುವ ಒಂದು ವಿಧಾನವನ್ನೂ ಉಳಿಸಿಕೊಂಡರು. 1988ರ ‘ಡ್ರ್ಯಾಗನ್ ಕ್ವೆಸ್ಟ್ 3’ರ ರೀಮೇಕ್ 2021ರಲ್ಲಿ ಘೋಷಣೆಯಾಗಿ 2024ರ ನವೆಂಬರ್‌ನಲ್ಲಿ ಬಂತು. ಅದು ಸರದಿಯನ್ನು ಮುಟ್ಟಲೇ ಇಲ್ಲ. ಎರಡರ ದಾರಿ ಬೇರೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಕೂಡದು ಎಂದು ತೀರ್ಮಾನಿಸಲು ಎರಡಕ್ಕೂ ವರ್ಷಗಳು ಸಿಕ್ಕವು.

ಪುಣೆಗೆ ಹಾಗಾಗಲಿಲ್ಲ. ಬಿಡುಗಡೆಯ ದಿನ 2021ರ ಜನವರಿ 21 ಎಂದಿದ್ದದ್ದು ಮಾರ್ಚ್ 18ಕ್ಕೆ ಹೋಯಿತು. ಫೆಬ್ರವರಿಯಲ್ಲಿ ದಿನಾಂಕವೇ ಇಲ್ಲವಾಯಿತು. 2022ರ ಮೇ ತಿಂಗಳಲ್ಲಿ ಕೆಲಸ ಮಾಂಟ್ರಿಯಲ್‌ಗೆ ವರ್ಗವಾಯಿತು, 2003ರ ಆಟ ಹುಟ್ಟಿದ ಸ್ಟುಡಿಯೊಗೆ. 2024ರಲ್ಲಿ ಒಂದು ಸಣ್ಣ ಟೀಸರ್ ಬಂದು, ಆಟ 2026ಕ್ಕೆ ಎಂದಿತು. 2026ರ ಜನವರಿ 21ರಂದು, ಮೊದಲು ಹೇಳಿದ್ದ ದಿನಕ್ಕೆ ಸರಿಯಾಗಿ ಐದು ವರ್ಷವಾದಾಗ, ಯೂಬಿಸಾಫ್ಟ್ ರದ್ದುಪಡಿಸಿದ ಆರು ಆಟಗಳಲ್ಲಿ ಇದೂ ಒಂದಾಗಿತ್ತು.

ಮಾಂಟ್ರಿಯಲ್‌ನವರಿಗೂ ಅದನ್ನು ದಡ ಮುಟ್ಟಿಸಲಾಗಲಿಲ್ಲ ಎಂಬುದು ಪುಣೆಯವರಿಗೆ ಸಮಾಧಾನ ಕೊಡಬೇಕಿಲ್ಲ. ಆದರೆ ನಕ್ಕವರು ಒಮ್ಮೆ ಯೋಚಿಸಬೇಕಾದ ಸಂಗತಿ ಅದು. ತೊಡಕು ಕೈಗಳದ್ದಷ್ಟೇ ಆಗಿದ್ದರೆ ಕೈ ಬದಲಾದಾಗ ಬಿಡಿಸಿಕೊಳ್ಳಬೇಕಿತ್ತು.

ಇದೇ ಊರಿನ ನೋಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡ 2020ರ ಆಗಸ್ಟ್‌ನಲ್ಲಿ, ಆ ಟ್ರೇಲರಿಗಿಂತ ಮೂರು ವಾರ ಮೊದಲು, ‘ರಾಜಿ’ ಎಂಬ ತನ್ನದೇ ಆಟವನ್ನು ನಿಂಟೆಂಡೊ ಸ್ವಿಚ್‌ಗೆ ತಂದಿತ್ತು. ಗೋಡೆ ಹತ್ತಿ ಓಡುವ ಹುಡುಗಿ, ನಮ್ಮ ಪುರಾಣದ ದೇವತೆಗಳು, ಕಣ್ತುಂಬುವ ಕೋಟೆಗಳು. ಪರ್ಷಿಯಾದ ರಾಜಕುಮಾರನ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ಕುಂದುಗಳೂ ಇದ್ದವು, ಆದರೆ ಯಾರೂ ಅದನ್ನು ಇನ್ನೊಂದು ರಾಜಿಯ ಪಕ್ಕ ನಿಲ್ಲಿಸಿ ನೋಡಲಿಲ್ಲ.

ಹಿಂಜೇವಾಡಿಯ ಮನುಷ್ಯನಿಗೆ ಹೆಚ್ಚು ಕಾಡುವುದು ಬೇರೆ ವಿಷಯ. ಅವನ ಕೆಲಸದಲ್ಲೂ ಎರಡು ವರ್ಷದ ದುಡಿಮೆ ಒಂದು ಬೆಳಗಿನ ಮೀಟಿಂಗಿನಲ್ಲಿ ಮುಗಿದದ್ದುಂಟು. ಆಮೇಲೆ ತೋರಿಸಲು ಏನೂ ಇರುವುದಿಲ್ಲ. ಮಕ್ಕಳು ಕೇಳಿದರೆ ಏನು ಮಾಡಿದೆನೆಂದು ಹೇಳುವುದೂ ಕಷ್ಟ. ಪುಣೆಯಲ್ಲಿ ಯಾರೋ ಆ ಅರಮನೆಯ ಕಂಬಗಳನ್ನು ಒಂದೊಂದಾಗಿ ನಿಲ್ಲಿಸಿದ್ದರು, ಆ ಕಠಾರಿಯ ಹಿಡಿಗೆ ಹೊಳಪು ಕೊಟ್ಟಿದ್ದರು. ಆಟದ ಕೊನೆಯಲ್ಲಿ ರಾಜಕುಮಾರ ಕಾಲವನ್ನು ಎಲ್ಲಕ್ಕೂ ಮೊದಲಿನ ರಾತ್ರಿಗೆ ತಿರುಗಿಸಿಬಿಡುತ್ತಾನೆ. ಜೊತೆಗೆ ಹೋರಾಡಿದ ಫರಾಳಿಗೆ ಅವನು ಅಪರಿಚಿತ. ನಡೆದದ್ದೆಲ್ಲ ನಡೆದೇ ಇಲ್ಲ. ಅಷ್ಟು ದೂರ ಬಂದದ್ದು ಅವನೊಬ್ಬನಿಗೇ ನೆನಪು.