ಕೂಸಿನ ಗಾಡಿ ತೋರಿಸಿದ ದಾರಿ

ಅಮೆರಿಕಕ್ಕೆ ಹೋಗಿಬಂದವರು ನಯಾಗರದ ಬಗ್ಗೆ ಬರೆಯುತ್ತಾರೆ, ಡಿಸ್ನಿಲ್ಯಾಂಡಿನ ಬಗ್ಗೆ ಬರೆಯುತ್ತಾರೆ. ಓದುಗ ಸೋದರಿಯರೇ, ನಾನು ಅವೆರಡನ್ನೂ ನೋಡಲಿಲ್ಲ. ನಾನು ಹೋದದ್ದು ತಂಗಿಯ ಬಾಣಂತನಕ್ಕೆ. ಅಮ್ಮನಿಗೆ ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರಳು. ಹಾಗಾಗಿ ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದ, ಮೈಸೂರು ದಾಟಿ ಆಚೆ ಎಂದೂ ಒಬ್ಬಳೇ ಹೋಗದ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟೆ. ಪೆಟ್ಟಿಗೆಯ ತುಂಬ ಸಾರಿನ ಪುಡಿ, ಒಣಶುಂಠಿ, ಅಂಟಿನುಂಡೆ. ಅಂಟಿನುಂಡೆ ಎಂದರೇನು ಎಂದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿಗೆ ನನ್ನ ಇಂಗ್ಲಿಷಿನಲ್ಲಿ ವಿವರಿಸಿದ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇನೆ.

ಹೋಗುವಾಗ ನನ್ನ ಅರ್ಧ ಜೀವ ಮನೆಯಲ್ಲೇ ಉಳಿದಿತ್ತು. ನಮ್ಮ ಎರಡನೆಯ ಮಗಳು, ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತೇವೆ, ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾದ ಮಗು. ಸೆರೆಬ್ರಲ್ ಪಾಲ್ಸಿ ಎಂದರು ಡಾಕ್ಟರು. ಮಾತು ಸ್ಪಷ್ಟ, ಬುದ್ಧಿ ಚುರುಕು, ಬರವಣಿಗೆ ಮಾತ್ರ ನಿಧಾನ. ಕಾಲುಗಳು ಬಿಗಿದುಕೊಂಡಿವೆ, ಗಾಲಿಕುರ್ಚಿಯಲ್ಲೇ ಓಡಾಟ. ಕಳೆದ ವರ್ಷ ದ್ವಿತೀಯ ಪಿಯುಸಿ ಬರೆದಳು. ಫಲಿತಾಂಶಕ್ಕೆ ಮೊದಲೇ ವಿಚಾರಿಸಿಡೋಣ ಅಂತ ನಾನೂ ನಮ್ಮ ಯಜಮಾನರೂ ಒಂದು ಡಿಗ್ರಿ ಕಾಲೇಜಿಗೆ ಹೋದೆವು. ಅಲ್ಲಿನವರು ಕಾಫಿ ತರಿಸಿ ಕೊಟ್ಟು ಬಹಳ ಮೃದುವಾಗಿಯೇ ಹೇಳಿದರು: ತರಗತಿಗಳೆಲ್ಲ ಮಹಡಿ ಮೇಲೆ ಅಮ್ಮಾ, ಹಿಂದೆ ಒಬ್ಬ ಹುಡುಗನನ್ನು ಸೇರಿಸಿಕೊಂಡಿದ್ದೆವು, ಸರಿಹೋಗಲಿಲ್ಲ, ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಓದಿಸಿ. ನಿಜ ಹೇಳುತ್ತೇನೆ, ನನಗೆ ಆಗ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಅವಳನ್ನು ಮೀಯಿಸುವವರು ಯಾರು, ತಿಂಗಳ ದಿನಗಳಲ್ಲಿ ನೋಡಿಕೊಳ್ಳುವವರು ಯಾರು ಎಂಬ ಚಿಂತೆಗೆ ಬೇರೆಯವರೇ ಉತ್ತರ ಕೊಟ್ಟಂತಾಯಿತು. ಪುಟ್ಟಿ ಏನೂ ಹೇಳಲಿಲ್ಲ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಷ್ಟೆ.

ಈಗ ಕೂಸಿನ ಗಾಡಿಯ ವಿಷಯಕ್ಕೆ ಬರುತ್ತೇನೆ.

ತಂಗಿಯ ಮನೆ ಫ್ರೀಮಾಂಟ್ ಎಂಬ ಊರಿನಲ್ಲಿ. ಕನ್ನಡದವರು ಬೇಕಾದಷ್ಟಿದ್ದಾರೆ, ಕರಿಬೇವು ಅಂಗಡಿಯಲ್ಲೇ ಸಿಗುತ್ತದೆ. ತಿಂಗಳು ತುಂಬುವವರೆಗೆ ಬಾಣಂತಿಯನ್ನು ಹೊಸಿಲು ದಾಟಿಸಲಿಲ್ಲ ನಾನು. ಆಮೇಲೆ ಸಂಜೆ ಹೊತ್ತು ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೊರಡುತ್ತಿದ್ದೆವು. ಒಂದು ವಾರವಾದ ಮೇಲೆ ನನಗೆ ಹೊಳೆಯಿತು: ಇಷ್ಟು ದಿನ ಈ ಗಾಡಿಯನ್ನು ಒಮ್ಮೆಯೂ ಎತ್ತಿಲ್ಲವಲ್ಲ! ರಸ್ತೆ ದಾಟುವ ಕಡೆಯಲ್ಲೆಲ್ಲ ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿದ್ದಾರೆ. ಗಾಡಿ ತಾನಾಗಿ ಇಳಿಯುತ್ತದೆ, ಆ ಕಡೆ ತಾನಾಗಿ ಹತ್ತುತ್ತದೆ. ‘ಎಳೆಮಕ್ಕಳ ತಾಯಂದಿರಿಗೆ ಎಷ್ಟು ಅನುಕೂಲ ಮಾಡಿದ್ದಾರೆ ನೋಡೇ’ ಅಂದೆ. ‘ತಾಯಂದಿರಿಗೆ ಅಂತ ಮಾಡಿದ್ದಲ್ಲ ಅಕ್ಕಾ. ಗಾಲಿಕುರ್ಚಿಯವರು ಜಗಳವಾಡಿ ಮಾಡಿಸಿಕೊಂಡಿದ್ದು. ಈ ಕಡೆ ಅದು ಜೋರಾಗಿ ಶುರುವಾಗಿದ್ದು ಬರ್ಕ್ಲಿಯ ಕಾಲೇಜು ಹುಡುಗರಿಂದ’ ಅಂದಳು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಸಾರು ಒಗ್ಗರಿಸುತ್ತಾ ಕೇಳಿದೆ, ‘ಆ ಬರ್ಕ್ಲಿ ಎಷ್ಟು ದೂರವೇ?’

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಹೊರಟೆವು. ನಾನು, ತಂಗಿ, ಗಾಡಿಯಲ್ಲಿ ಕೂಸು, ಡಬ್ಬಿಯಲ್ಲಿ ಮೊಸರನ್ನ. ಬಾರ್ಟ್ ಎಂಬ ರೈಲು ಫ್ರೀಮಾಂಟಿನಿಂದ ನೇರವಾಗಿ ಹೋಗುತ್ತದೆ. ಪ್ಲಾಟ್‌ಫಾರಂ ಮತ್ತು ರೈಲಿನ ನೆಲ ಒಂದೇ ಮಟ್ಟ, ನಮ್ಮಲ್ಲಿಯ ಹಾಗೆ ಮೂರು ಮೆಟ್ಟಿಲು ಹತ್ತುವ ಕೆಲಸವಿಲ್ಲ. ದಾರಿಯಲ್ಲಿ ತಂಗಿ ಫೋನಿನಲ್ಲಿ ಓದಿ ಓದಿ ನನಗೆ ಕನ್ನಡದಲ್ಲಿ ಹೇಳಿದಳು.

ಎಡ್ ರಾಬರ್ಟ್ಸ್ ಎಂಬ ಹುಡುಗ. 1939ರಲ್ಲಿ ಹುಟ್ಟಿದವನು. 1953ರಲ್ಲಿ, 14ನೆಯ ವಯಸ್ಸಿನಲ್ಲಿ, ಪೋಲಿಯೊ ಬಡಿದು ಕತ್ತಿನಿಂದ ಕೆಳಗೆ ಬಹುತೇಕ ಎಲ್ಲ ನಿಂತುಹೋಯಿತು. ಉಸಿರಾಡಲೂ ಯಂತ್ರ ಬೇಕು. ಆ ಕಾಲದಲ್ಲಿ ಅದಕ್ಕೆ ಉಕ್ಕಿನ ಶ್ವಾಸಕೋಶ ಅಂತಿದ್ದರಂತೆ: ಒಂದು ದೊಡ್ಡ ಪೀಪಾಯಿ, ಒಳಗೆ ಮಲಗಬೇಕು, ತಲೆ ಮಾತ್ರ ಹೊರಗೆ. ತೂಕ 360 ಕಿಲೊ ಹತ್ತಿರ. ಈ ಮಗು ಬದುಕಿದರೂ ತರಕಾರಿಯಂತೆ ಬಿದ್ದಿರುತ್ತದೆ ಎಂದು ಡಾಕ್ಟರೊಬ್ಬರು ತಾಯಿಗೆ ಹೇಳಿದರಂತೆ. ಮುಂದೆ ದೊಡ್ಡವನಾದ ಮೇಲೆ ಆತ ನಗುತ್ತಿದ್ದ: ತರಕಾರಿಯೇ ಆಗುವುದಾದರೆ ನಾನು ಆರ್ಟಿಚೋಕ್ ಆಗುತ್ತೇನೆ, ಹೊರಗೆ ಮುಳ್ಳು, ಒಳಗೆ ಮೃದು ಅಂತ. ಆರ್ಟಿಚೋಕ್ ಅಂದರೆ ಮುಳ್ಳಿನ ಎಸಳುಗಳ ಹಸಿರು ಮೊಗ್ಗು. ತಂಗಿ ಮನೆಯಲ್ಲಿ ಅದರ ಪಲ್ಯ ಮಾಡಲು ಹೋಗಿ ಕೈ ಚುಚ್ಚಿಸಿಕೊಂಡಿದ್ದೆ, ಆದ್ದರಿಂದ ಮಾತು ಚೆನ್ನಾಗಿ ಅರ್ಥವಾಯಿತು.

ನನ್ನ ಮನಸ್ಸು ಮಾತ್ರ ಆ ತಾಯಿಯ ಮೇಲೆಯೇ ಇತ್ತು. ಜೋನಾ ಆಕೆಯ ಹೆಸರು. ಮನೆಯಿಂದಲೇ ಟೆಲಿಫೋನಿನಲ್ಲಿ ಪಾಠ ಕೇಳುತ್ತಿದ್ದ ಮಗನನ್ನು ವಾರಕ್ಕೊಮ್ಮೆಯಾದರೂ ಶಾಲೆಗೆ ಹೋಗಲೇಬೇಕೆಂದು ಹಟ ಹಿಡಿದು ಹೊರಡಿಸಿದಾಕೆ. ಎಲ್ಲರೂ ನೋಡುತ್ತಾರೆ ಅಂತ ಅವನಿಗೆ ಭಯ. ಹೈಸ್ಕೂಲು ಮುಗಿದಾಗ ವ್ಯಾಯಾಮ ಮಾಡಿಲ್ಲ, ಕಾರು ಓಡಿಸಲು ಕಲಿತಿಲ್ಲ ಎಂದು ಸರ್ಟಿಫಿಕೇಟು ತಡೆದರಂತೆ! ಆಕೆ ಮೇಲಿನವರೆಗೆ ಹೋಗಿ ಜಗಳವಾಡಿ ತೆಗೆದುಕೊಂಡು ಬಂದಳು. ಮಗಳಿಗೆ ‘ಸಾಕು, ಮನೆಯಲ್ಲೇ ಓದು’ ಅಂದ ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ.

1962ರಲ್ಲಿ ಎಡ್ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಲು ಬಂದಾಗ ಅಲ್ಲಿಯ ಅಧಿಕಾರಿಯೊಬ್ಬರು ಏನೆಂದರು ಗೊತ್ತೆ? ಇಂಥವರನ್ನು ಮೊದಲು ಸೇರಿಸಿ ನೋಡಿದ್ದೇವೆ, ಸರಿಹೋಗಲಿಲ್ಲ ಅಂತ. ಕಾಫಿ ಕೊಟ್ಟರೋ ಇಲ್ಲವೋ ತಿಳಿಯದು. ನಾನು ತಂಗಿಗೆ ಆ ಸಾಲನ್ನು ಇನ್ನೊಮ್ಮೆ ಓದಿಸಿದೆ.

ಆ ಪೀಪಾಯಿ ಹಾಸ್ಟೆಲಿಗೆ ಹಿಡಿಸುವಂಥದ್ದಲ್ಲ. ವಿದ್ಯಾರ್ಥಿಗಳ ಆಸ್ಪತ್ರೆಯಾದ ಕೊವೆಲ್‌ನಲ್ಲಿ ಒಂದು ಕೋಣೆಯನ್ನೇ ಅವನ ಹಾಸ್ಟೆಲು ಮಾಡಿಕೊಟ್ಟರು. ಮರುವರ್ಷ ಜಾನ್ ಹೆಸ್ಲರ್ ಎಂಬ ಇನ್ನೊಬ್ಬ ಬಂದ. ನಂತರ ಒಬ್ಬರ ಹಿಂದೆ ಒಬ್ಬರು ಬಂದು, ದಶಕ ಮುಗಿಯುವಷ್ಟರಲ್ಲಿ ಹತ್ತಾರು ಮಂದಿಯಾದರು. ‘ರೋಲಿಂಗ್ ಕ್ವಾಡ್ಸ್’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ನಾಲ್ಕೂ ಕೈಕಾಲು ಸೋತವರು ಗಾಲಿ ಮೇಲೆ ಉರುಳುತ್ತಿದ್ದೇವೆ ಎಂಬ ಗೇಲಿ ಅದರಲ್ಲಿದೆ. ಮೊದಲು ಬಂದವನು ಹೊಸಬನಿಗೆ ಕಲಿಸುತ್ತಿದ್ದ: ಸಹಾಯಕ್ಕೆ ಆಳು ಹುಡುಕುವುದು ಹೇಗೆ, ಸಂಬಳ ಮಾತಾಡುವುದು ಹೇಗೆ, ಸರಿಬಾರದವನನ್ನು ಬಿಡಿಸುವುದು ಹೇಗೆ, ಯಾವ ಕಟ್ಟಡಕ್ಕೆ ಹಿಂಬಾಗಿಲಿನಿಂದ ಮೆಟ್ಟಿಲಿಲ್ಲದೆ ಹೋಗಬಹುದು. 1970ರಲ್ಲಿ ಇದನ್ನೇ ವಿಶ್ವವಿದ್ಯಾಲಯದ ಒಂದು ಯೋಜನೆಯಾಗಿ ಮಾಡಿದರು. ನಡೆಸುವವರೂ ಹೆಚ್ಚಾಗಿ ಅಂಗವಿಕಲರೇ. ಆಳುಗಳ ಪಟ್ಟಿ, ಬಾಡಿಗೆ ಮನೆಗಳ ಪಟ್ಟಿ, ಕುರ್ಚಿ ಕೆಟ್ಟರೆ ರಿಪೇರಿ, ಜೊತೆಗೆ ಸಲಹೆ. ಸಲಹೆ ಕೊಡುವವನೂ ಅದೇ ಕಷ್ಟ ತಿಂದವನಾಗಿರಬೇಕು, ಅದು ಅವರ ಲೆಕ್ಕ. 1972ರಲ್ಲಿ ಊರಿನವರಿಗೂ ಅಂಥದ್ದೊಂದು ಕೇಂದ್ರ ಶುರುವಾಯಿತು. ಜೋನಾ ಕೂಡ ಮುಂದೆ ಈ ಕೆಲಸಕ್ಕೆ ಕೈಜೋಡಿಸಿದರು.

ಓದಿಸಿದರೂ ಇವನಿಂದ ದುಡಿಯಲಾಗದು ಎಂದು ಸಹಾಯಧನ ನಿರಾಕರಿಸಿದ್ದ ರಾಜ್ಯದ ಪುನರ್ವಸತಿ ಇಲಾಖೆಗೆ 1975ರಲ್ಲಿ ಎಡ್ ರಾಬರ್ಟ್ಸ್ ಅವರೇ ನಿರ್ದೇಶಕರಾಗಿ ಬಂದು ಕೂತರಂತೆ. ಈ ಭಾಗ ಕೇಳಿ ನಾನು ರೈಲಿನಲ್ಲಿ ಗಟ್ಟಿಯಾಗಿ ನಕ್ಕೆ, ಎದುರು ಕೂತ ಅಜ್ಜಿಯೂ ಸುಮ್ಮನೆ ನಕ್ಕಳು. ಅವರು 1995ರಲ್ಲಿ ತೀರಿಕೊಂಡರು.

ಕೊವೆಲ್ ಆಸ್ಪತ್ರೆ ಈಗಿಲ್ಲ, ಅದಿದ್ದ ಜಾಗದಲ್ಲಿ ವ್ಯಾಪಾರ ಕಲಿಸುವ ದೊಡ್ಡ ಕಾಲೇಜಿದೆ. ಅದಕ್ಕೇ ನಾವು ಆಶ್ಬಿ ಎಂಬ ನಿಲ್ದಾಣದಲ್ಲಿ ಇಳಿದೆವು. ನಿಲ್ದಾಣಕ್ಕೆ ಅಂಟಿಕೊಂಡಂತೆಯೇ 2010ರಲ್ಲಿ ತೆರೆದ ಎಡ್ ರಾಬರ್ಟ್ಸ್ ಕ್ಯಾಂಪಸ್ ಇದೆ. ಒಳಗೆ ಕಾಲಿಟ್ಟರೆ ನಡುಮನೆಯಂಥ ದೊಡ್ಡ ಅಂಗಳ, ಮೇಲಿನಿಂದ ಬೆಳಕು, ಮಧ್ಯದಲ್ಲಿ ಕುಂಕುಮದಂಥ ಕೆಂಪು ಬಣ್ಣದ ಇಳಿಜಾರು ಸುತ್ತಿಕೊಂಡು ಮಹಡಿಗೆ ಹೋಗುತ್ತದೆ. ಎರಡು ಗಾಲಿಕುರ್ಚಿಗಳು ಅಕ್ಕಪಕ್ಕ ಮಾತಾಡಿಕೊಂಡು ಹೋಗುವಷ್ಟು ಅಗಲ. ನಮ್ಮಲ್ಲಿ ಇಳಿಜಾರು ಇದ್ದರೂ ಹಿತ್ತಿಲ ಕಡೆ, ಕಸದ ಡಬ್ಬಿಯ ಪಕ್ಕ ಇರುತ್ತದೆ. ಇಲ್ಲಿ ಅದನ್ನು ದೇವಸ್ಥಾನದ ಗರುಡಗಂಬದಂತೆ ಎದುರಿಗೇ ನಿಲ್ಲಿಸಿದ್ದಾರೆ. ನಾನು ಕೂಸಿನ ಗಾಡಿ ತಳ್ಳಿಕೊಂಡು ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ಮೇಲೆ ಹೋದೆ. ಏದುಸಿರು ಬರಲಿಲ್ಲ.

ಕೆಳಗಿನ ಬೆಂಚಿನ ಹತ್ತಿರ ಒಬ್ಬ ಹುಡುಗಿ ಬ್ಯಾಟರಿ ಕುರ್ಚಿಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಕೂಸನ್ನು ನೋಡಿ ಮಾತಿಗೆ ಬಂದಳು. ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷವಂತೆ. ತಂಗಿ ನಡುವೆ ನಿಂತು ಎರಡೂ ಕಡೆ ಹೇಳಿದಳು. ಮೊದಲ ವರ್ಷ ನಿನಗೆ ಯಾರು ದಾರಿ ತೋರಿಸಿದರು ಅಂತ ಕೇಳಿದೆ. ಒಬ್ಬ ಸೀನಿಯರ್ ಹುಡುಗಿ ಅಂದಳು. ಯಾವ ಲಿಫ್ಟು ಪದೇ ಪದೇ ಕೆಡುತ್ತದೆ, ಪರೀಕ್ಷೆಗೆ ಹೆಚ್ಚು ಸಮಯ ಬೇಕೆಂದು ಯಾವಾಗ ಅರ್ಜಿ ಹಾಕಬೇಕು, ಸಹಾಯಕಿ ಹೇಳದೆ ಕೇಳದೆ ಬಾರದಿದ್ದ ದಿನ ಏನು ಮಾಡಬೇಕು, ಎಲ್ಲಾ ಅವಳೇ ಹೇಳಿಕೊಟ್ಟಳಂತೆ. ‘ನಿಮ್ಮ ಅಮ್ಮ ಹೇಳಿಕೊಡಲಿಲ್ಲವೇ?’ ಅಂದೆ. ಅವಳು ನಕ್ಕು ಏನೋ ಅಂದಳು. ತಂಗಿ ಸ್ವಲ್ಪ ತಡೆದು ಕನ್ನಡಕ್ಕೆ ತಂದಳು: ‘ಅಮ್ಮನಿಗೆ ನನ್ನನ್ನು ಎತ್ತುವುದು ಗೊತ್ತು, ಬೇರೆಯವರಿಗೆ ಎತ್ತಲು ಹೇಳುವುದು ಗೊತ್ತಿಲ್ಲ ಅಂತಾಳೆ ಅಕ್ಕಾ.’

ಆಗ ಬೆಳಿಗ್ಗೆ 10 ಗಂಟೆ, ನಮ್ಮಲ್ಲಿ ರಾತ್ರಿ ಹತ್ತೂವರೆ. ಪುಟ್ಟಿ ಎದ್ದಿರುತ್ತಾಳೆ ಅಂತ ವಿಡಿಯೊ ಕರೆ ಮಾಡಿದೆ. ಕೆಂಪು ಇಳಿಜಾರು ತೋರಿಸಿದೆ, ಹುಡುಗಿಯನ್ನು ತೋರಿಸಿದೆ. ‘ಮಳೆ ಬಂದ್ರೆ ಬ್ಯಾಟರಿ ಏನಾಗತ್ತೆ ಅಂತ ಕೇಳಮ್ಮಾ’ ಅಂದಳು. ನಾನು ಕೇಳಿಸುವಷ್ಟರಲ್ಲಿ ಆ ಹುಡುಗಿ ಫೋನು ತನ್ನ ಮಡಿಲಿಗೆ ಇಡಿಸಿಕೊಂಡಳು. ಇಬ್ಬರೂ ಇಂಗ್ಲಿಷಿನಲ್ಲಿ ಶುರುಮಾಡಿದರು. ನಮ್ಮ ಪುಟ್ಟಿಯ ಇಂಗ್ಲಿಷ್ ತಡವರಿಸುತ್ತಿತ್ತು, ಆದರೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಫೋನಿನಿಂದ ಕನ್ನಡ ಕೇಳಿತು: ‘ಅಮ್ಮಾ, ನೀನೂ ಚಿಕ್ಕಮ್ಮನೂ ಸ್ವಲ್ಪ ಆಚೆ ಹೋಗ್ತೀರಾ?’

ಹೋದೆವು. ಕೂಸಿಗೆ ಹಾಲೂಡುವ ನೆಪ ಸಿಕ್ಕಿತು. ಇಪ್ಪತ್ತು ನಿಮಿಷ ಮಾತಾಡಿರಬೇಕು. ಹದಿನೆಂಟು ವರ್ಷ ಅವಳ ಮೈಯ ಪ್ರತಿಯೊಂದು ಗಂಟನ್ನೂ ಎಣ್ಣೆ ಹಚ್ಚಿ ನೀವಿದವಳು ನಾನು. ನನಗೆ ಹೇಳಲಾಗದ ಪ್ರಶ್ನೆ ಅವಳಲ್ಲಿ ಇಪ್ಪತ್ತು ನಿಮಿಷದಷ್ಟಿತ್ತು! ಹೊಟ್ಟೆಕಿಚ್ಚಾಯಿತೇ ಅಂದರೆ, ಆಯಿತು. ಏನು ಕೇಳಿದಳೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಜುಲೈಯಲ್ಲಿ ನಾನು ಊರಿಗೆ ಬರುವಷ್ಟರಲ್ಲಿ ಅವಳು ಮೈಸೂರಿನ ಒಂದು ಕಾಲೇಜಿಗೆ ತಾನೇ ಫೋನು ಮಾಡಿದ್ದಳು. ಸೀಟಿನ ಮಾತಿಗಿಂತ ಮೊದಲು, ‘ಅಲ್ಲಿ ನನ್ನಂಥವರು ಯಾರಾದರೂ ಓದ್ತಿದ್ದಾರಾ?’ ಅಂತ ಕೇಳಿದಳಂತೆ. ಊರುಗೋಲಿನಲ್ಲಿ ನಡೆಯುವ, ಎರಡನೆಯ ವರ್ಷದ ಹುಡುಗಿಯೊಬ್ಬಳು ಸಿಕ್ಕಳು. ತರಗತಿ ನೆಲಮಟ್ಟದಲ್ಲೇ ಬೇಕೆಂದು ಸೇರುವಾಗಲೇ ಲಿಖಿತವಾಗಿ ಕೊಡು, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ ಅಂದಳು. ಯುಡಿಐಡಿ ಕಾರ್ಡಿನ ನಾಲ್ಕು ಜೆರಾಕ್ಸ್ ಇಟ್ಟುಕೋ ಅಂದಳು. 2016ರ ಕಾಯಿದೆಯಂತೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಇಂಥ ಮಕ್ಕಳಿಗಿದೆ ಎಂಬುದೂ ಅವಳಿಂದಲೇ ನಮಗೆ ತಿಳಿಯಿತು. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಇದ್ದರೆ ಅರ್ಜಿ ತುಂಬುವಾಗ ಇದನ್ನು ಮರೆಯಬೇಡಿ. ಹಾಸ್ಟೆಲಿನ ಬಚ್ಚಲ ಬಾಗಿಲನ್ನೂ ಅವಳು ಟೇಪು ಹಿಡಿದು ಅಳೆದು ಹೇಳಿದಳು: 24 ಇಂಚು. ಪುಟ್ಟಿಯ ಕುರ್ಚಿ 26. ಬಾಗಿಲು 32 ಇಂಚಾದರೂ ಬೇಕಿತ್ತು. ಬಾಗಿಲು ಅಗಲ ಮಾಡಿಸಿಕೊಡುತ್ತೇವೆ ಅಂದಿದ್ದಾರೆ, ಇನ್ನೂ ಮಾಡಿಲ್ಲ. ಸದ್ಯಕ್ಕೆ ಒಳಗೊಂದು ಪ್ಲಾಸ್ಟಿಕ್ ಕುರ್ಚಿ, ಸಂಬಳಕ್ಕೆ ಬರುವ ಒಬ್ಬ ಹೆಂಗಸು. ಅವಳನ್ನು ಮಾತಾಡಿಸಿ ಗೊತ್ತುಮಾಡಿದ್ದು ಪುಟ್ಟಿಯೇ.

ಮೊದಲ ವಾರ ರಾತ್ರಿ ಫೋನಿನಲ್ಲಿ ಅತ್ತಳು. ನಾನು ಬಸ್ಸಿಗೆ ಹೊರಟೇಬಿಟ್ಟಿದ್ದೆ. ಊರುಗೋಲಿನ ಹುಡುಗಿ ಫೋನು ತೆಗೆದುಕೊಂಡು, ‘ಆಂಟೀ, ಈ ವಾರ ಬರಬೇಡಿ, ನಾನೂ ಅತ್ತಿದ್ದೆ’ ಅಂದಳು. ಚೀಲ ಕೆಳಗಿಟ್ಟೆ. ಚೀಲದಲ್ಲಿದ್ದ ಕೋಡುಬಳೆ ಅತ್ತೆಯವರ ಪಾಲಾಯಿತು.

ದಸರಾ ರಜಕ್ಕೆ ಅವಳು ಬರುವ ಮೊದಲು ಮನೆಯ ಮುಂದೆ ಇಳಿಜಾರು ಮಾಡಿಸಬೇಕೆಂದು ಗಾರೆಯವರನ್ನು ಕರೆಸಿದೆ. ಇಷ್ಟು ವರ್ಷ ನಾವಿಬ್ಬರೂ ಕುರ್ಚಿ ಸಮೇತ ಎತ್ತುತ್ತಿದ್ದೆವು. ಸ್ಕೂಟರ್ ಹತ್ತಿಸಲು ಮಾಡುತ್ತಾರಲ್ಲ, ಹಾಗೆ ಮೂರಡಿಯಲ್ಲಿ ಕಡಿದಾಗಿ ಮುಗಿಸುತ್ತೇನೆ ಅಂದರು. ಬೇಡ ಅಂದೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಆಗ ಕೂತವರೇ ಕೈಯಿಂದ ತಳ್ಳಿಕೊಂಡು ಹತ್ತಬಹುದು. ನಮ್ಮ ಜಗಲಿ ಒಂದೂವರೆ ಅಡಿ, ಅಂದರೆ 18 ಅಡಿ ಇಳಿಜಾರು. ಅಂಗಳ ಇರುವುದು 14 ಅಡಿ. ತುಳಸಿಕಟ್ಟೆಯ ಹತ್ತಿರ ಐದಡಿ ಚೌಕದ ಸಮತಟ್ಟು ಬಿಟ್ಟು ತಿರುಗಿಸಿದೆವು. ಒಂದು ದಾಸವಾಳದ ಗಿಡ ಹೋಯಿತು. ಕೆಂಪು ಬಣ್ಣ ಬಳಿಸಿದ್ದು ನನ್ನ ಹಟ.

ಪುಟ್ಟಿ ಬರಲು ಇನ್ನೂ ನಾಲ್ಕು ದಿನವಿತ್ತು. ಗ್ಯಾಸ್ ತರುವ ಹುಡುಗ ಬಂದವನು, ಯಾವಾಗಲೂ ಮೆಟ್ಟಿಲ ಹತ್ತಿರ ಭುಜಕ್ಕೇರಿಸುವ ಸಿಲಿಂಡರನ್ನು ಇಳಿಜಾರಿನ ಮೇಲೆ ಉರುಳಿಸಿಕೊಂಡು ನೇರ ಅಡಿಗೆಮನೆಯ ಬಾಗಿಲಿಗೆ ತಂದ. ‘ಇದು ನಮಗೋಸ್ಕರ ಮಾಡಿಸಿದ್ರಾ ಅಮ್ಮಾ?’ ಅಂತ ಕೇಳಿದ.

‘ನಿನಗೂ ಆಯ್ತು ಕಣಪ್ಪಾ’ ಅಂದು ಅವನಿಗೊಂದು ಲೋಟ ಮಜ್ಜಿಗೆ ತರಲು ಒಳಗೆ ಹೋದೆ.